ಮೈಸೂರಿಗೆ ಒಂದು ದಿನ ಸಾಕೆನ್ನುವವರಿಗೆ

ಪಕ್ಕದ ಮನೆಯ ಹುಡುಗ ಕಳೆದ ತಿಂಗಳು ಒಂದು ಹಾಳೆ ತಂದು ನನ್ನ ಕೈಗಿಟ್ಟ. "ಆಂಟಿ, ನೀವು ಮೈಸೂರಿನವರಲ್ವಾ, ಒಂದ್ಸಲ ಕಣ್ಣಾಡಿಸಿ. ಭಾನುವಾರ ಆಫೀಸಿನವರೆಲ್ಲ ಹೋಗ್ತಿದೀವಿ" ಅಂದ. ಬೆಳಿಗ್ಗೆ ಐದೂವರೆಗೆ ಮಾರತ್‌ಹಳ್ಳಿ ಬಿಡುವುದು. ಬಿಡದಿಯಲ್ಲಿ ತಟ್ಟೆ ಇಡ್ಲಿ. ಶ್ರೀರಂಗಪಟ್ಟಣಕ್ಕೆ ನಲವತ್ತು ನಿಮಿಷ, ಚಾಮುಂಡಿ ಬೆಟ್ಟಕ್ಕೆ ಒಂದು ಗಂಟೆ, ಮೃಗಾಲಯಕ್ಕೆ ಒಂದು ಗಂಟೆ, ಅರಮನೆಗೆ ಮುಕ್ಕಾಲು ಗಂಟೆ, ಫಿಲೋಮಿನಾ ಚರ್ಚಿಗೆ ಹದಿನೈದು ನಿಮಿಷ. ಆಮೇಲೆ ರೇಷ್ಮೆ ಸೀರೆ, ಮೈಸೂರು ಪಾಕು, ಕನ್ನಂಬಾಡಿಯ ಕಾರಂಜಿ, ಅರಮನೆಯ ದೀಪ. ರಾತ್ರಿ ಹನ್ನೊಂದಕ್ಕೆ ವಾಪಸ್ಸು ಮನೆ. ಕಾರಂಜಿಯೂ ದೀಪವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ನಡುವೆ ಇಪ್ಪತ್ತು ಕಿಲೋಮೀಟರಿನಷ್ಟು ದಾರಿ ಇದೆ ಅನ್ನುವುದೂ ಆ ಹಾಳೆಗೆ ಗೊತ್ತಿರಲಿಲ್ಲ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಇಡೀ ಬೆಂಗಳೂರು ಒಪ್ಪಿಕೊಂಡ ಮಾತನ್ನೇ ಅವನು ಬರೆದುಕೊಂಡು ಬಂದಿದ್ದ. ಮೈಸೂರಾ, ಒಂದು ದಿನ ಸಾಕು. ನೆಂಟರು ಬಂದರೂ ಇದೇ ಮಾತು, ಮಗ ಅಮೆರಿಕದಿಂದ ಬಂದರೂ ಇದೇ ಮಾತು. 2023ರ ಮಾರ್ಚಿನಲ್ಲಿ ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲಂತೂ ಇದನ್ನು ಪ್ರಶ್ನಿಸುವವರೇ ಇಲ್ಲ. ತೊಂಬತ್ತು ನಿಮಿಷದ ದಾರಿ, ಅಲ್ಲಿ ಯಾಕೆ ರಾತ್ರಿ ಉಳಿಯಬೇಕು ಅಂತ ಕೇಳುತ್ತಾರೆ. ಈ ಮಾತು ತಪ್ಪು. ಇದರಿಂದ ನೋಡಲು ಹೋದವರಿಗೂ ನಷ್ಟ, ಊರಿಗೂ ನಷ್ಟ, ದಾರಿಯಲ್ಲಿ ಬದುಕುವವರಿಗೂ ನಷ್ಟ.

ಮೊದಲು ಆ ತೊಂಬತ್ತು ನಿಮಿಷದ ಲೆಕ್ಕವನ್ನೇ ನೋಡೋಣ. ಅದು ಶುರುವಾಗುವುದು ಕೆಂಗೇರಿ ದಾಟಿದ ಮೇಲೆ, ಮುಗಿಯುವುದು ಮೈಸೂರಿನ ವರ್ತುಲ ರಸ್ತೆಯ ಹತ್ತಿರ. ಮಾರತ್‌ಹಳ್ಳಿಯಿಂದ ಕೆಂಗೇರಿ ಮುಟ್ಟುವ ಹೊತ್ತು ಈ ಲೆಕ್ಕದಲ್ಲಿಲ್ಲ. ಟೆಂಪೊ ಟ್ರಾವೆಲರ್ ಮನೆಮನೆಯ ಮುಂದೆ ನಿಂತು ಒಬ್ಬೊಬ್ಬರನ್ನೇ ಹತ್ತಿಸಿಕೊಳ್ಳುವ ಹೊತ್ತೂ ಇಲ್ಲ. ಅರಮನೆಯ ಮುಂದೆ ಗಾಡಿ ನಿಲ್ಲಿಸಲು ಜಾಗ ಹುಡುಕಿ, ಟಿಕೆಟ್ ಸಾಲಿನಲ್ಲಿ ನಿಂತು, ಚಪ್ಪಲಿ ಬಿಟ್ಟು, ಒಳಗೆ ಹೆಜ್ಜೆ ಇಡುವ ಹೊತ್ತಿಗೆ ಆ ಹಾಳೆಯ ಮುಕ್ಕಾಲು ಗಂಟೆಯಲ್ಲಿ ಅರ್ಧ ಮುಗಿದಿರುತ್ತದೆ. ಮೃಗಾಲಯವನ್ನು ಒಂದು ಗಂಟೆಯಲ್ಲಿ ನೋಡಬೇಕಾದರೆ ಮಕ್ಕಳನ್ನು ಓಡಿಸಬೇಕು.

ಇದು ನಿಮಿಷಗಳ ಮಾತಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ, ಹಾಳೆಯಲ್ಲಿ ಎರಡು ಜಾಗ ಹೊಡೆದುಹಾಕಿ ಕಳಿಸುತ್ತಿದ್ದೆ. ನನ್ನನ್ನು ಕಾಡುವುದು ಬೇರೆ. ಹಳೆಯ ರಸ್ತೆಯಲ್ಲಿ ಮೂರೂವರೆ ಗಂಟೆ ಹಿಡಿಯುತ್ತಿದ್ದಾಗ ಜನ ಅರಮನೆ, ಬೆಟ್ಟ, ಮೃಗಾಲಯ ನೋಡಿ ಬರುತ್ತಿದ್ದರು. ಈಗ ಹೋಗಿಬರುವುದರಲ್ಲಿ ಮೂರು ಗಂಟೆ ಉಳಿಯಿತು ಅಂತಿಟ್ಟುಕೊಳ್ಳಿ. ಆ ಮೂರು ಗಂಟೆ ಎಲ್ಲಿ ಹೋಯಿತು? ಅರಮನೆಗೆ ಒಂದು ನಿಮಿಷವೂ ಹೆಚ್ಚು ಸಿಗಲಿಲ್ಲ. ಬೆಟ್ಟದ ಮೇಲೆ ಕೂತು ಗಾಳಿ ಕುಡಿಯಲೂ ಸಿಗಲಿಲ್ಲ. ಹಾಳೆಗೆ ಇನ್ನೂ ನಾಲ್ಕು ಜಾಗ ಸೇರಿಕೊಂಡವು, ಅಷ್ಟೆ. ಹೆದ್ದಾರಿ ಕೊಟ್ಟ ಬಿಡುವನ್ನು ನಾವು ಹೆಚ್ಚು ಓಡಾಡುವುದಕ್ಕೇ ಸುರಿದುಬಿಟ್ಟೆವು. ಹೋದ ಪುಟ್ಟ ಬಂದ ಪುಟ್ಟ ಅನ್ನುತ್ತಿದ್ದರು ನಮ್ಮ ಅಜ್ಜಿ, ಇಂಥ ತಿರುಗಾಟಕ್ಕೆ.

ನಾನು ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ, ಮದುವೆಯಾಗಿ ಬೆಂಗಳೂರಿಗೆ ಬಂದವಳು. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಆ ಊರು ಹೇಗಿರುತ್ತದೆ ಅನ್ನುವುದು ನನಗೆ ಗೊತ್ತು. ಬಿಸಿಲು, ವಾಹನ, ಟಿಕೆಟ್ ಸಾಲು. ಬೆಟ್ಟದ ದೇವಸ್ಥಾನಕ್ಕೂ ಶ್ರೀರಂಗಪಟ್ಟಣದ ರಂಗನಾಥನಿಗೂ ಮಧ್ಯಾಹ್ನ ಬಾಗಿಲು. ಊರಿನವರು ಕೆಲಸಕ್ಕೆ ಹೋಗಿರುತ್ತಾರೆ, ಇಲ್ಲವೇ ಉಂಡು ಮಲಗಿರುತ್ತಾರೆ. ಒಂದು ದಿನದ ಪ್ರವಾಸಿ ಮೈಸೂರಿನಲ್ಲಿ ಇರುವುದು ಸರಿಯಾಗಿ ಈ ಹೊತ್ತಿನಲ್ಲೇ.

ಊರು ತನ್ನಷ್ಟಕ್ಕೆ ತಾನಿರುವುದು ಬೆಳಗಿನ ಜಾವ ಮತ್ತು ಸಂಜೆ. ಬೆಳಿಗ್ಗೆ ಐದೂವರೆಗೆ ಬೆಟ್ಟದ ಪಾದದಲ್ಲಿ ನಿಂತು ನೋಡಿ. ಸಾವಿರ ಮೆಟ್ಟಿಲು. ಹರಕೆ ಹೊತ್ತ ಹೆಂಗಸು ಒಂದು ಕೈಯಲ್ಲಿ ಅರಿಸಿನದ ಬಟ್ಟಲು, ಇನ್ನೊಂದರಲ್ಲಿ ಕುಂಕುಮ ಹಿಡಿದು ಪ್ರತಿ ಮೆಟ್ಟಿಲಿಗೂ ಬಗ್ಗಿ ಹಚ್ಚುತ್ತಾ ಹತ್ತುತ್ತಾಳೆ. ಅವಳ ಬೆರಳು ಬಿಟ್ಟ ಗುರುತಿನ ಮೇಲೆ ನಿಮ್ಮ ಕಾಲು ಬೀಳದ ಹಾಗೆ ಪಕ್ಕದಲ್ಲಿ ಹೆಜ್ಜೆ ಇಡುತ್ತಾ ಹೋಗಬೇಕು. ಏಳುನೂರು ಮೆಟ್ಟಿಲಾದ ಮೇಲೆ ದೊಡ್ಡ ದೇವರಾಜ ಒಡೆಯರ ಕಾಲದ ನಂದಿ. ಬೆಳಕು ಹರಿಯುವ ಹೊತ್ತಿಗೆ ಆ ಕರಿಕಲ್ಲಿನ ಕೊರಳಗಂಟೆಗಳು ಒಂದೊಂದಾಗಿ ಬಿಡಿಸಿಕೊಂಡು ಕಾಣುತ್ತವೆ. ಗಾಡಿಯಲ್ಲಿ ಮೇಲೆ ಹೋದವರಿಗೆ ಈ ನಂದಿ ಇಳಿಯುವಾಗ ಸಿಗುವ ಐದು ನಿಮಿಷದ ಫೋಟೊ.

ಅದೇ ಹೊತ್ತಿಗೆ ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ಮೂಟೆ ಬಿಚ್ಚುತ್ತಾರೆ. ಮಲ್ಲಿಗೆಯನ್ನು ಮೊಳದಲ್ಲಿ, ಮಾರಿನಲ್ಲಿ ಅಳೆದು ಬಾಳೆಲೆಗೆ ಸುತ್ತುವ ಕೈಗಳು ಮಾತಾಡುವ ಬಾಯಿಗಿಂತ ಚುರುಕು. ವೀಳ್ಯದೆಲೆಯವನು ಕಟ್ಟು ಬಿಚ್ಚಿ ನೀರು ಚಿಮುಕಿಸಿ ಮತ್ತೆ ಜೋಡಿಸುತ್ತಾನೆ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡಿನ ರಸಬಾಳೆ, ಮೂರಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಆದರೆ ಮಧ್ಯಾಹ್ನ ಎರಡಕ್ಕೆ ಅಲ್ಲಿಗೆ ಬಂದು ಬಣ್ಣದ ಕುಂಕುಮದ ಗುಡ್ಡೆಯ ಮುಂದೆ ಚಿತ್ರ ತೆಗೆಸಿಕೊಂಡು ಹೋಗುವವರಿಗೆ ಆ ಮಲ್ಲಿಗೆಯ ಘಮ ಸಿಗುವುದಿಲ್ಲ, ಅದು ಆಗಲೇ ಊರಿನ ಮುಡಿಗಳಿಗೆ ಹೋಗಿಯಾಗಿರುತ್ತದೆ. ಸಂಜೆಯೂ ಹಾಗೇ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಊರಿನ ಅರ್ಧ ಜನ ನಡೆಯುತ್ತಿರುತ್ತಾರೆ. 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ ರಂಗಾಯಣದ ಭೂಮಿಗೀತದಲ್ಲಿ ನಾಟಕದ ಗಂಟೆ ಹೊಡೆಯುವ ಹೊತ್ತಿಗೆ ಬೆಂಗಳೂರಿನ ಗಾಡಿಗಳು ಊರು ಬಿಡುವ ತರಾತುರಿಯಲ್ಲಿರುತ್ತವೆ.

ಇಲ್ಲೊಂದು ನೋವಿನ ಸಂಗತಿ ಹೇಳಬೇಕು. ನಾನೂ ಈ ತಪ್ಪು ಮಾಡಿದವಳೇ. ಮಗಳು, ಅಳಿಯ, ಮೊಮ್ಮಗಳು ಟೆಕ್ಸಾಸಿನಿಂದ ಮೂರು ವಾರದ ರಜೆಗೆ ಬಂದಿದ್ದರು. ಮೈಸೂರಿಗೆ ಸಿಕ್ಕದ್ದು ಒಂದು ದಿನ. ಅರಮನೆಯ ಕಲ್ಯಾಣ ಮಂಟಪ ನೋಡಿದವರಿಗೆ ಗೊತ್ತಿರುತ್ತದೆ, ಮೇಲೆ ಗ್ಲಾಸ್ಗೋದಿಂದ ಬಂದ ಬಣ್ಣದ ಗಾಜಿನ ಚಾವಣಿ, ಅದರಲ್ಲಿ ನವಿಲುಗಳು, ಸುತ್ತ ಗೋಡೆಯ ಮೇಲೆ ದಸರಾ ಮೆರವಣಿಗೆಯ ಚಿತ್ರಗಳು. ಎಲ್ಲರೂ ಕತ್ತೆತ್ತಿ ಚಾವಣಿ ನೋಡುತ್ತಾ ಮುಂದೆ ಸರಿಯುತ್ತಾರೆ. ಎಂಟು ವರ್ಷದ ಮೊಮ್ಮಗಳು ಮಾತ್ರ ಗೋಡೆಯ ಚಿತ್ರದ ಮುಂದೆ ನಿಂತುಬಿಟ್ಟಳು. ಆನೆಗಳು, ಕುದುರೆಗಳು, ಬ್ಯಾಂಡಿನವರು, ಈಟಿ ಹಿಡಿದವರು, ನೂರಾರು ಮುಖಗಳು. ಅವು ಛಾಯಾಚಿತ್ರ ನೋಡಿಕೊಂಡು ಬರೆದ ಚಿತ್ರಗಳು, ಅದಕ್ಕೇ ಒಂದೊಂದು ಮುಖವೂ ಯಾರೋ ಒಬ್ಬನ ನಿಜವಾದ ಮುಖ. ಅವಳು ಒಬ್ಬನನ್ನು ತೋರಿಸಿ, "ಅಜ್ಜಿ, ಇವನೊಬ್ಬ ನಮ್ಮನ್ನ ನೋಡ್ತಿದಾನೆ. ಇವನು ಯಾರು?" ಅಂದಳು. ಹೌದು, ಉಳಿದವರೆಲ್ಲ ಮುಂದೆ ನೋಡುತ್ತಾ ನಡೆಯುತ್ತಿದ್ದರೆ ಅವನೊಬ್ಬನ ಕಣ್ಣು ನಮ್ಮ ಕಡೆ ತಿರುಗಿದ ಹಾಗಿತ್ತು. ಹಿಂದಿನವರು ನೂಕುತ್ತಿದ್ದರು. ನಾನು ಗಡಿಯಾರ ನೋಡಿ, "ಬಾ ಪುಟ್ಟಿ, ಜೂ ಬಾಗಿಲು ಹಾಕಿಬಿಡ್ತಾರೆ" ಅಂತ ಕೈ ಹಿಡಿದು ಎಳೆದುಕೊಂಡು ಹೋದೆ.

ಆ ಮಗು ಒಂದು ಊರಿನ ಕಣ್ಣಿಗೆ ಕಣ್ಣು ಕೊಟ್ಟಿದ್ದ ಗಳಿಗೆ ಅದು. ಅಲ್ಲೇ ನೆಲದ ಮೇಲೆ ಒಂದು ಪಕ್ಕಕ್ಕೆ ಕೂರಿಸಿಕೊಂಡು ಹೇಳುವುದು ಎಷ್ಟಿತ್ತು. ಇಲ್ಲಿದ್ದ ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆಯ ಸಮಯದಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು, ಹೆನ್ರಿ ಇರ್ವಿನ್ ಎಂಬಾತ ನಕ್ಷೆ ಹಾಕಿದ ಈ ಅರಮನೆ 1912ಕ್ಕೆ ಮುಗಿಯಿತು, ನನ್ನ ತಾತ ಚಿಕ್ಕ ಹುಡುಗನಾಗಿದ್ದಾಗ ಸಯ್ಯಾಜಿ ರಾವ್ ರಸ್ತೆಯ ಜಗಲಿಯ ಮೇಲೆ ಬೆಳಗಿನಿಂದ ಜಾಗ ಹಿಡಿದು ಕೂತು ಇದೇ ಮೆರವಣಿಗೆ ನೋಡುತ್ತಿದ್ದ. ಒಂದನ್ನೂ ಹೇಳಲಿಲ್ಲ. ಮೃಗಾಲಯದಲ್ಲಿ ಜಿರಾಫೆ ತೋರಿಸಿದೆ. ಜಿರಾಫೆ ಅವಳಿಗೆ ಟೆಕ್ಸಾಸಿನಲ್ಲೂ ಸಿಗುತ್ತದೆ.

ಒಂದು ದಿನದ ಹಾಳೆ ಅಂದರೆ ಇದೇ. ಮನಸ್ಸು ಎಲ್ಲಿ ನಿಲ್ಲುತ್ತದೋ ಅಲ್ಲಿಂದಲೇ ಅದು ನಮ್ಮನ್ನು ಎಬ್ಬಿಸುತ್ತದೆ.

ಶ್ರೀರಂಗಪಟ್ಟಣಕ್ಕೆ ನಲವತ್ತು ನಿಮಿಷ ಬರೆದವರು ದರಿಯಾ ದೌಲತ್ತಿನ ಪಶ್ಚಿಮದ ಗೋಡೆಯ ಮುಂದೆ ನಿಂತವರಲ್ಲ. 1780ರ ಪೊಲ್ಲಿಲೂರು ಯುದ್ಧದ ಚಿತ್ರ ಅಲ್ಲಿದೆ. ಕುಂಪಣಿಯ ಸೈನ್ಯ ಚೌಕ ಕಟ್ಟಿ ನಿಂತಿದೆ, ನಡುವೆ ಪಲ್ಲಕ್ಕಿಯಲ್ಲಿ ಕರ್ನಲ್ ಬೇಲಿ ಬೆರಳು ಕಚ್ಚುತ್ತಾ ಕೂತಿದ್ದಾನೆ, ಸುತ್ತಲೂ ಮೈಸೂರಿನ ಕುದುರೆಗಳು. ಟಿಪ್ಪು ಯುದ್ಧದ ನಡುವೆ ಗುಲಾಬಿ ಹೂ ಮೂಸುತ್ತಿದ್ದಾನೆ. ಇಂಗ್ಲಿಷರು ಸೋತದ್ದನ್ನು ಗೆದ್ದವರ ಕಡೆಯ ಕುಂಚ ಬರೆದದ್ದು. ಅದನ್ನು ನೋಡಲು ಕುತ್ತಿಗೆ ಹಿಂದಕ್ಕೆ ಹಾಕಿ ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಲ್ಲಗೆ ನಡೆಯಬೇಕು. 1799ರ ಮೇ 4ರಂದು ಈ ದ್ವೀಪದಲ್ಲಿ ಒಂದು ರಾಜ್ಯ ಬಿತ್ತು, ಆಮೇಲೆಯೇ ರಾಜಧಾನಿ ಮೈಸೂರಿಗೆ ಬಂದದ್ದು. ಮುಂದೆ 1831ರಲ್ಲಿ ಇಂಗ್ಲಿಷರು ಆಡಳಿತ ಕೈಗೆ ತೆಗೆದುಕೊಂಡಾಗ ಕಚೇರಿಗಳು ಬೆಂಗಳೂರಿಗೆ ಹೋದವು. ಬೆಂಗಳೂರು ಇವತ್ತು ರಾಜಧಾನಿಯಾಗಿ ಕೂತಿರುವುದಕ್ಕೆ ಈ ದ್ವೀಪದಲ್ಲಿ ಆದದ್ದೂ ಒಂದು ಕಾರಣ. ಆ ರಾಜಧಾನಿಯಿಂದ ಬಂದವರು ಇಲ್ಲಿ ನಲವತ್ತು ನಿಮಿಷ ನಿಲ್ಲುತ್ತಾರೆ, ಅದರಲ್ಲಿ ಹತ್ತು ನಿಮಿಷ ಎಳನೀರಿಗೆ.

ಬೇಗ ಹೋಗಬೇಕೆನ್ನುವ ಆಸೆಗೆ ಈ ದ್ವೀಪ ತೆತ್ತದ್ದೂ ಉಂಟು. ಬೆಂಗಳೂರು–ಮೈಸೂರು ರೈಲು ಜೋಡಿಹಳಿಗೆ ಟಿಪ್ಪು ಕಾಲದ ಒಂದು ಮದ್ದಿನಮನೆ ಅಡ್ಡ ಬಂತು. 2017ರಲ್ಲಿ ಸುಮಾರು ಸಾವಿರ ಟನ್ನಿನ ಆ ಕಟ್ಟಡವನ್ನು ಅಡಿಪಾಯದಿಂದ ಇಡಿಯಾಗಿ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಜರುಗಿಸಿ ಇಟ್ಟರು. ಒಡೆಯದೆ ಉಳಿಸಿದರಲ್ಲ ಅಂತ ನಾನು ಆ ಕೆಲಸ ಮಾಡಿದವರಿಗೆ ಕೈ ಮುಗಿಯುತ್ತೇನೆ. ಆದರೆ ರೈಲು ಬೇಗ ಹೋಗಲಿ ಅಂತ ಇತಿಹಾಸವನ್ನೇ ಪಕ್ಕಕ್ಕೆ ಸರಿಸಿದ ಮೇಲೂ, ಹಾಗೆ ಬೇಗ ಬಂದವರು ಅದನ್ನು ನೋಡಲು ಇಳಿಯುವುದಿಲ್ಲ.

ಹಾಳೆಯಲ್ಲಿ ಇಲ್ಲದ ಜಾಗಗಳ ಪಾಡು ಇನ್ನೂ ಕಷ್ಟ. ಸಯ್ಯಾಜಿ ರಾವ್ ರಸ್ತೆಯಲ್ಲಿ ಜಗನ್ಮೋಹನ ಅರಮನೆಯ ಕಡೆಗೆ ತಿರುಗುವ ಹತ್ತಿರ ಲ್ಯಾನ್ಸ್‌ಡೌನ್ ಕಟ್ಟಡ ಇದೆ. ಅದರ ಕೆಳಗಿನ ಹಳೇ ಪುಸ್ತಕದಂಗಡಿಗಳಲ್ಲಿ ನಾನು ಹೈಸ್ಕೂಲಿನಿಂದ ಕಾಲೇಜಿನವರೆಗೆ ಪಠ್ಯಪುಸ್ತಕ ಕೊಂಡವಳು. ವರ್ಷ ಮುಗಿದ ಮೇಲೆ ಅದೇ ಅಂಗಡಿಗೆ ಅರ್ಧ ಬೆಲೆಗೆ ಮಾರಿ ಮುಂದಿನ ವರ್ಷದ್ದು ತರುತ್ತಿದ್ದೆವು. 2012ರ ಆಗಸ್ಟಿನಲ್ಲಿ ಆ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಕಡೆಯ ಭಾಗ ಬಿತ್ತು. ಆಮೇಲೆ ವರ್ಷಗಟ್ಟಲೆ ಕೆಡವಬೇಕೋ ದುರಸ್ತಿ ಮಾಡಬೇಕೋ ಅನ್ನುವ ಜಗಳ, ಕೋರ್ಟು, ಸಮಿತಿ. ಮೈಸೂರಿನ ಕೆಲವು ಜನ ಹೋರಾಡಿದರು. ವರ್ಷಕ್ಕೆ ನಾಲ್ಕು ಸಲ ಬಂದುಹೋಗುವ ಬೆಂಗಳೂರಿನವರ ದನಿ ಎಲ್ಲಿತ್ತು? ಅವರಿಗೆ ಮೈಸೂರು ಅಂದರೆ ಅರಮನೆ, ಬೆಟ್ಟ, ಜೂ. ಕಾಣದ್ದರ ಬಗ್ಗೆ ಯಾರೂ ಅಳುವುದಿಲ್ಲ. ಹಾಳೆಯಲ್ಲಿ ಹೆಸರಿರುವ ಕಟ್ಟಡಕ್ಕೆ ಸುಣ್ಣ ಬಣ್ಣ ಸಿಗುತ್ತದೆ, ಹೆಸರಿಲ್ಲದ್ದು ಮಳೆಗಾಲಕ್ಕೊಂದರಂತೆ ಬೀಳುತ್ತದೆ.

ಅರಮನೆಯಿಂದ ಎರಡು ಕಿಲೋಮೀಟರಿನಷ್ಟು ದೂರದಲ್ಲಿ ಪ್ರಾಚ್ಯವಿದ್ಯಾ ಸಂಶೋಧನಾಲಯವಿದೆ, 1891ರಲ್ಲಿ ಶುರುವಾದದ್ದು. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯ ಪ್ರತಿ ಇಲ್ಲಿಗೆ ಬಂದು ಸೇರಿತು. ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಗುರುತಿಸಿ, 1909ರಲ್ಲಿ ಅಚ್ಚಿಗೆ ತಂದರು. ಕಳೆದುಹೋಯಿತು ಅಂದುಕೊಂಡಿದ್ದ ಗ್ರಂಥವೊಂದು ಲೋಕಕ್ಕೆ ಮತ್ತೆ ಸಿಕ್ಕ ಊರು ಇದು. ನನ್ನ ನೆರೆಹೊರೆಯಲ್ಲಿ ಮೈಸೂರನ್ನು ಹತ್ತು ಸಲ ನೋಡಿದೆ ಅನ್ನುವವರಲ್ಲಿ ಒಬ್ಬರಿಗೂ ಈ ಕಟ್ಟಡದ ಹೆಸರು ಗೊತ್ತಿರಲಿಲ್ಲ.

ಹಿಂದೆ ಜನ ಈ ಊರಿಗೆ ಹೇಗೆ ಬರುತ್ತಿದ್ದರು ಅನ್ನುವುದಕ್ಕೊಂದು ಮಾತು. 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದಾಗ ಸಂಸ್ಥಾನದ ಮೂಲೆಮೂಲೆಯಿಂದ 144 ಜನ ಬಂದರು. ದಸರಾ ಸಮಯಕ್ಕೇ ಸಭೆ ಇಟ್ಟದ್ದು, ಬಂದವರು ಹಬ್ಬವನ್ನೂ ನೋಡಿಕೊಂಡು ಹೋಗಲಿ ಅಂತ. ಗಾಡಿ ಕಟ್ಟಿಕೊಂಡು ಬಂದವರು ಛತ್ರಗಳಲ್ಲಿ, ನೆಂಟರ ಮನೆಗಳಲ್ಲಿ ದಿನಗಟ್ಟಲೆ ಉಳಿದರು. ಅಷ್ಟು ದಿನ ಎಲ್ಲರಿಗೂ ಇಂದು ಸಾಧ್ಯವಿಲ್ಲ, ನಿಜ. ಆದರೆ ಒಂದು ರಾತ್ರಿ?

ಇನ್ನು ದಾರಿಯ ಮಾತು. ಬಾಡಿಗೆ ಗಾಡಿಯ ಡ್ರೈವರನ್ನು ನೆನೆಸಿಕೊಳ್ಳಿ. ಬೆಳಿಗ್ಗೆ ನಾಲ್ಕಕ್ಕೆ ಎದ್ದವನು. ನೀವು ಅರಮನೆ ನೋಡುವಾಗ ವಸ್ತುಪ್ರದರ್ಶನ ಮೈದಾನದ ಬಿಸಿಲಿನಲ್ಲಿ ಸ್ಟೀರಿಂಗಿನ ಮೇಲೆ ತಲೆಯಿಟ್ಟು ಅರೆನಿದ್ದೆ ಮಾಡಿದವನು. ರಾತ್ರಿ ಎಂಟಕ್ಕೆ ದೀಪ ಆರಿದ ಕೂಡಲೇ ಸಾವಿರಾರು ಗಾಡಿಗಳು ಒಟ್ಟಿಗೆ ಊರು ಬಿಡುತ್ತವೆ. ಅವನು ಕೊನೆಯವರನ್ನು ಮನೆಗೆ ಬಿಟ್ಟು ತನ್ನ ಮನೆ ಸೇರುವಾಗ ಮಧ್ಯರಾತ್ರಿ ದಾಟಿರುತ್ತದೆ. ನಿಮಗೆ ಅದು ಪ್ರವಾಸ, ಅವನಿಗೆ ಇಪ್ಪತ್ತು ಗಂಟೆಯ ದುಡಿಮೆ, ಅದೂ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ. 2023ರ ಮೊದಲ ಆರು ತಿಂಗಳಲ್ಲೇ ಈ ಹೆದ್ದಾರಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಕ್ಯಾಮೆರಾ ಬಂತು, ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯಪಥದಲ್ಲಿ ನಿಷೇಧ ಬಂತು. ನಿದ್ದೆಗಣ್ಣಿನ ಡ್ರೈವರನಿಗೆ ಮಾತ್ರ ಯಾವ ನಿಯಮವೂ ವಿಶ್ರಾಂತಿ ಕೊಡಲಿಲ್ಲ. ಅದನ್ನು ಕೊಡಬೇಕಾದವರು ಹಾಳೆ ಬರೆಯುವ ನಾವು.

ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಇವೆಲ್ಲ ಈಗ ಬೈಪಾಸಿನ ಆಚೆ ಉಳಿದ ಊರುಗಳು. ಚನ್ನಪಟ್ಟಣದಲ್ಲಿ ಹಾಲೆಮರದ ತುಂಡು ತಿರುಗುತ್ತಿರುವಾಗ ಅರಗಿನ ಬಣ್ಣದ ಕಡ್ಡಿ ಒತ್ತಿ, ತಾಳೆಗರಿಯಿಂದ ಉಜ್ಜಿ ಹೊಳಪು ಕೊಡುತ್ತಾರೆ. ಕಣ್ಣಮುಂದೆಯೇ ಕಟ್ಟಿಗೆಯೊಂದು ಕೆಂಪು ಬುಗುರಿಯಾಗುತ್ತದೆ. ಹಳೆಯ ರಸ್ತೆಯ ಬದಿಯಲ್ಲಿ ಅದನ್ನು ಮಾರಿ ಬದುಕುತ್ತಿದ್ದವರ ವ್ಯಾಪಾರ ಹೊಸ ರಸ್ತೆ ಬಂದ ಮೇಲೆ ಇಳಿಯಿತು. ಮದ್ದೂರಿನ ವಡೆಯವರದೂ ಅದೇ ಮಾತು. ಹೆದ್ದಾರಿ ಬೇಡವಾಗಿತ್ತು ಅಂತ ನಾನು ಹೇಳುವುದಿಲ್ಲ. ಆಂಬುಲೆನ್ಸಿಗೆ ಬೇಕು, ತರಕಾರಿ ಲಾರಿಗೆ ಬೇಕು. ನೋಡಲೆಂದೇ ಮನೆ ಬಿಟ್ಟವರಿಗೆ ಹಳೆಯ ರಸ್ತೆಗೆ ಇಳಿಯಲು ಏನಡ್ಡಿ? ಹಾಳೆಯಲ್ಲಿ ಜಾಗವಿಲ್ಲ, ಅದೊಂದೇ ಅಡ್ಡಿ.

ನನ್ನ ಮಾತಿಗೆ ಬರುವ ಆಕ್ಷೇಪ ನನಗೆ ಗೊತ್ತು, ಅದು ತೂಕದ ಆಕ್ಷೇಪ. ಎಲ್ಲರ ಹತ್ತಿರವೂ ರೂಮಿಗೆ ಕೊಡುವ ದುಡ್ಡಿಲ್ಲ. ಪೀಣ್ಯದ ಗಾರ್ಮೆಂಟ್ಸಿನಲ್ಲಿ ದುಡಿಯುವ ಹೆಣ್ಣುಮಗಳಿಗೆ ವಾರಕ್ಕೆ ಸಿಗುವುದು ಒಂದೇ ರಜೆ. ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆ ಎರಡು ದಿನ ರಜೆ ಹಾಕಿದರೆ ನಾಲ್ಕು ಮನೆಯ ಸಂಬಳದಲ್ಲಿ ಕಡಿತ. ಅವರು ಮೈಸೂರು ನೋಡುವುದೇ ಬೇಡವೇ?

ನೋಡಲಿ. ನಮ್ಮ ಮನೆಯಾಕೆ ಹೋದ ವರ್ಷ ಹೋಗಿಬಂದದ್ದನ್ನೇ ಹೇಳುತ್ತೇನೆ. ಬೆಳಗಿನ ರೈಲಿನಲ್ಲಿ ತಾಯಿಯನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಹೋದಳು. ಬುತ್ತಿಯಲ್ಲಿ ಚಿತ್ರಾನ್ನ. ಸಿಟಿ ಬಸ್ಸಿನಲ್ಲಿ ಬೆಟ್ಟಕ್ಕೆ ಹೋಗಿ ದೇವಿಯ ದರ್ಶನ ಮಾಡಿ, ಅಲ್ಲೇ ಮರದ ನೆರಳಿನಲ್ಲಿ ಉಂಡು, ತಾಯಿ ಸ್ವಲ್ಪ ಹೊತ್ತು ಮಲಗಿ, ಮಕ್ಕಳು ಮೇಲಿನಿಂದ ಊರು ನೋಡಿ, ಸಂಜೆಯ ರೈಲಿಗೆ ವಾಪಸ್ಸು. ಅರಮನೆಗೆ ಹೋಗಲಿಲ್ಲವಾ ಅಂತ ಕೇಳಿದೆ. "ಅಮ್ಮಾ, ಅದು ಇನ್ನೊಂದ್ಸಲಕ್ಕೆ ಇಟ್ಕೊಂಡಿದೀವಿ" ಅಂದಳು. ನಾನು ವಾದಿಸುತ್ತಿರುವುದು ಇವಳ ವಿರುದ್ಧ ಅಲ್ಲ. ಅವಳು ಒಂದು ದಿನದಲ್ಲಿ ಒಂದನ್ನು ನೋಡಿದಳು, ಪೂರ್ತಿ ನೋಡಿದಳು, ಇನ್ನೊಂದಕ್ಕೆ ಮತ್ತೆ ಬರುವ ಆಸೆ ಇಟ್ಟುಕೊಂಡು ಬಂದಳು. ಒಂದು ದಿನ ಸಾಕು ಅನ್ನುವವರು ಮತ್ತೆ ಬರುವುದಿಲ್ಲ ಅನ್ನುವ ಲೆಕ್ಕದಲ್ಲೇ ಹೊರಡುತ್ತಾರೆ. ಅವರು ಹೇಳುವುದು, ಮೈಸೂರನ್ನು ಮುಗಿಸಿದೆವು ಅಂತ. ಮೈಸೂರು ಮುಗೀತು, ಹಂಪಿ ಮುಗೀತು, ಬೇಲೂರು ಹಳೇಬೀಡು ಮುಗೀತು. ಊರನ್ನು ಯಾರಾದರೂ ಮುಗಿಸುತ್ತಾರೆಯೇ? ಮುಗಿಸುವುದು ಸಾಲವನ್ನು, ಕೋರ್ಟು ಕೇಸನ್ನು.

ಇನ್ನೊಂದು ಆಕ್ಷೇಪ ಹೊರದೇಶದ ಮಕ್ಕಳದು. ಇರುವುದೇ ಮೂರು ವಾರ, ಎಲ್ಲ ತೋರಿಸಬೇಕಲ್ಲ ಅನ್ನುತ್ತಾರೆ ಅಪ್ಪ ಅಮ್ಮ. ನಾನೂ ಹಾಗೇ ಅಂದವಳು. ಹನ್ನೊಂದು ಜಾಗ ತೋರಿಸಿದ ಆ ದಿನದಲ್ಲಿ ಮೊಮ್ಮಗಳಿಗೆ ಇವತ್ತಿಗೂ ನೆನಪಿರುವುದು ಗೋಡೆಯ ಮೇಲಿನ ಆ ಒಬ್ಬ ಮನುಷ್ಯ. ಫೋನಿನಲ್ಲಿ ಇನ್ನೂ ಕೇಳುತ್ತಾಳೆ, ಅವನು ಯಾರು ಅಂತ ಗೊತ್ತಾಯಿತಾ ಅಂತ.

ಪಕ್ಕದ ಮನೆಯ ಹುಡುಗನ ಹಾಳೆಯನ್ನು ನಾನು ಅವನೆದುರಿಗೇ ಇಟ್ಟುಕೊಂಡು ಕೂತೆ. ಕನ್ನಂಬಾಡಿ, ಚರ್ಚು, ಮೃಗಾಲಯ, ಸೀರೆ ಎಲ್ಲದರ ಮೇಲೂ ಗೆರೆ ಎಳೆದೆ. ಶನಿವಾರ ಮಧ್ಯಾಹ್ನವೇ ಹೊರಡಿ, ಹತ್ತು ಜನ ಹಂಚಿಕೊಂಡರೆ ರೂಮಿನ ಬಾಡಿಗೆ ನಿಮ್ಮ ಒಂದು ಊಟದ ಬಿಲ್ಲಿಗಿಂತ ಹೆಚ್ಚಾಗುವುದಿಲ್ಲ, ಭಾನುವಾರ ಬೆಳಿಗ್ಗೆ ಬೆಟ್ಟ ಹತ್ತಿ, ಇಳಿದು ಮಾರುಕಟ್ಟೆ, ಆಮೇಲೆ ಅರಮನೆ, ಅಲ್ಲಿಂದ ಎದ್ದು ಬರಬೇಕು ಅನ್ನಿಸುವವರೆಗೆ ಅರಮನೆ ಅಂದೆ. ಡ್ರೈವರನಿಗೂ ಒಂದು ಹಾಸಿಗೆ ಹೇಳಿ ಅಂದೆ. ಅವನು ಹಾಳೆ ಮಡಿಸಿ ಜೇಬಿಗಿಟ್ಟುಕೊಂಡು, "ಆಫೀಸಲ್ಲಿ ಕೇಳಿ ನೋಡ್ತೀನಿ ಆಂಟಿ" ಅಂದ.

ಮಗಳು ಈ ಡಿಸೆಂಬರಿನಲ್ಲಿ ಬರುತ್ತಾಳೆ. ಅಗ್ರಹಾರದ ಹತ್ತಿರ ಮೂರು ರಾತ್ರಿಗೆ ರೂಮು ಹೇಳಿಯಾಗಿದೆ. ಮೊದಲ ದಿನಕ್ಕೆ ಅರಮನೆ ಬಿಟ್ಟು ಬೇರೇನನ್ನೂ ಇಟ್ಟುಕೊಂಡಿಲ್ಲ. ಆ ಚಿತ್ರಗಳ ಬಗ್ಗೆ ನನಗೆ ಸಿಕ್ಕಷ್ಟನ್ನು ಓದಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೇನೆ. ಅವನ ಹೆಸರು ಇನ್ನೂ ಸಿಕ್ಕಿಲ್ಲ.